‘ಬಾಲಾಪರಾಧಿ’: ಒಂದು ಶಬ್ದವಿಚಾರ

ಎಳೆಯರ ತಪ್ಪಿಗೆ ದಂಡವೆಷ್ಟೆಂಬ ಪ್ರಶ್ನೆ ಪುರಾತನವಾದುದು. ಮಹಾಭಾರತದ ಆದಿಪರ್ವದಲ್ಲಿ ಅಣಿಮಾಂಡವ್ಯನು, ಬಾಲ್ಯದಲ್ಲಿ ಹುಳುಗಳನ್ನು ಕಡ್ಡಿಯಿಂದ ಚುಚ್ಚಿದುದರ ಫಲವಾಗಿ ತನಗೆ ಶೂಲವೊದಗಿತೆಂದು ತಿಳಿದು, ಧರ್ಮನನ್ನೇ ಶಪಿಸಿ, ಹದಿನಾಲ್ಕು ವರ್ಷದವರೆಗೆ ಪಾತಕವಿಲ್ಲವೆಂಬ ಮರ್ಯಾದೆಯನ್ನು ಸ್ಥಾಪಿಸುತ್ತಾನೆ. ಅಲ್ಪದೋಷಕ್ಕೆ ಮಹಾದಂಡವನ್ನು ವಿಧಿಸಿದ ಧರ್ಮನು ವಿದುರನಾಗಿ ಹುಟ್ಟಬೇಕಾಯಿತು.

೨೦೧೫ರ ಬಾಲನ್ಯಾಯ ಅಧಿನಿಯಮವೂ ಈ ವಿವೇಕಕ್ಕೆ ಸಮೀಪವಾದುದು. ಮಗುವಿನ ಇಲ್ಲವೆ ಸಮಾಜದ ಹಿತವೇ ವ್ಯವಹಾರವನ್ನು ಬೇಡಿದಲ್ಲಿ ಹೊರತು, ಮಕ್ಕಳನ್ನು ನ್ಯಾಯವಿಚಾರಣೆಗೆ ಎಳೆಯದೆ ಬೇರೆ ದಾರಿಗೆ ತಿರುಗಿಸತಕ್ಕದ್ದೆಂದು ಅದರ ೩ನೆಯ ಪ್ರಕರಣವು ಹೇಳುತ್ತದೆ. ಬುದ್ಧಿವಾದ ಹೇಳಿ ಮನೆಗೆ ಕಳುಹಿಸುವುದು, ಆಪ್ತಸಲಹೆ, ಸಮಾಜಸೇವೆ ಮೊದಲಾದ ಉಪಾಯಗಳು ೧೮ನೆಯ ಪ್ರಕರಣದಲ್ಲಿ ಉಕ್ತವಾಗಿವೆ. ಇದು ಬರಿಯ ಕರುಣೆಯಲ್ಲ. ೨೦೧೦ರಲ್ಲಿ ಪೆಟ್ರೋಸಿನೊ ಮೊದಲಾದವರು ೨೯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರೀಕ್ಷಿಸಿದಾಗ, ವಿಧ್ಯುಕ್ತ ವಿಚಾರಣೆಯಿಂದ ಎಳೆಯರ ಅಪರಾಧವು ತಗ್ಗಲಿಲ್ಲ, ಹೆಚ್ಚುವ ಕಡೆಗೇ ವಾಲಿತು ಎಂದು ಕಂಡುಬಂದಿತು.

ಆದರೆ ದಾರಿ ತಿರುಗಿಯೂ ಹೆಸರು ಅಂಟಿಕೊಂಡೇ ಇದ್ದರೆ ಪ್ರಯೋಜನವೇನು? ಕನ್ನಡದಲ್ಲಿ ರೂಢವಾದ ‘ಬಾಲಾಪರಾಧಿ’ ಶಬ್ದವು ಇಲ್ಲಿ ವಿಚಾರಣೀಯ. ‘ಅಪರಾಧ’ಕ್ಕೆ ಇನಿಪ್ರತ್ಯಯ ಸೇರಿ ‘ಅಪರಾಧಿ’ ಆಗುತ್ತದೆ. ಇಂಥ ಮತ್ವರ್ಥೀಯ ಪ್ರತ್ಯಯಗಳಿಗೆ ನಿಂದೆ, ನಿತ್ಯಯೋಗ ಮೊದಲಾದ ಅರ್ಥಗಳುಂಟೆಂದು ವೈಯಾಕರಣರು ಹೇಳುತ್ತಾರೆ. ಒಂದು ದಿನದ ಕೃತ್ಯವನ್ನು ಶಬ್ದವು ನಿತ್ಯಸ್ವಭಾವವಾಗಿ ಮಾಡಿಬಿಡುತ್ತದೆ. ಅದೂ ನಿರ್ಣಯಕ್ಕೆ ಮುಂಚೆಯೇ.

ಸಂಪಿಗೆ ರಸ್ತೆಯ ಅಂಗಡಿಯೊಂದರಲ್ಲಿ ಹುಡುಗನೊಬ್ಬನು ಗಡಿಯಾರವನ್ನು ಕದ್ದನೆಂದಿಟ್ಟುಕೊಂಡರೆ, ಮಂಡಳಿಯು ಬುದ್ಧಿ ಹೇಳಿ ಕಳುಹಿಸಬಹುದು. ವಿಶೇಷ ಸಂದರ್ಭಗಳ ಹೊರತು ಅವನ ದಾಖಲೆಯೂ ಅಳಿಯತಕ್ಕದ್ದೇ. ಬೀದಿಯವರ ಬಾಯಲ್ಲಿ ಮಾತ್ರ ಹೆಸರು ಉಳಿಯುತ್ತದೆ. ಇದು ಚಂಪಕಪಟವಾಸನ್ಯಾಯ: ಸಂಪಿಗೆಯನ್ನು ತೆಗೆದರೂ ಬಟ್ಟೆಯಲ್ಲಿ ವಾಸನೆ ನಿಲ್ಲುವಂತೆ. ಅಲ್ಲಿ ಸುಗಂಧ, ಇಲ್ಲಿ ಕಳಂಕ, ಇಷ್ಟೇ ಭೇದ.

ಶಾಸನವು ಇದನ್ನರಿತೇ ಶಬ್ದವನ್ನು ತಿದ್ದಿದೆ. ೧೯೮೬ರ ಅಧಿನಿಯಮದಲ್ಲಿ ಅಪರಾಧವು ಬಾಲಕನಿಗೆ ವಿಶೇಷಣವಾಗಿತ್ತು. ೨೦೦೦ದಲ್ಲಿ ಅದು ತೊಲಗಿತು. ೨೦೧೫ರದು ‘ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗು’ ಎನ್ನುತ್ತದೆ. ಇದೂ ನಿರ್ದುಷ್ಟವಲ್ಲ. ದೀರ್ಘವಾದುದರಿಂದ ಬಳಕೆಗೆ ಭಾರ. ‘ಸಂಘರ್ಷ’ವು ಮಗುವೂ ಕಾನೂನೂ ಸಮಬಲದ ಪ್ರತಿಸ್ಪರ್ಧಿಗಳೆಂಬ ಭ್ರಾಂತಿಯನ್ನೂ ಹುಟ್ಟಿಸುತ್ತದೆ. ಆದರೂ ಇಲ್ಲಿ ವಿಶೇಷ್ಯವು ‘ಮಗು’ ಎಂಬ ಗುಣವೊಂದು ಮಿಕ್ಕ ದೋಷಗಳನ್ನು ಮರೆಯಿಸುವಷ್ಟು ದೊಡ್ಡದು.

ಮೃದುವಾದ ಹೆಸರಿನಿಂದ ನೊಂದವರ ನೋವು ಮುಚ್ಚಿಹೋಗದೆ ಎಂದು ಆಕ್ಷೇಪಿಸಬಹುದು. ಹಾಗಲ್ಲ. ಕಳವನ್ನು ಕಳವೆಂದೇ, ಹಿಂಸೆಯನ್ನು ಹಿಂಸೆಯೆಂದೇ ಹೇಳತಕ್ಕದ್ದು. ಕೃತ್ಯದ ಹೆಸರನ್ನು ಕರ್ತೃವಿಗೆ ಇಡದಿದ್ದರೆ ಸಾಕು. ‘ಕಳವಿನ ಪ್ರಕರಣದ ಬಾಲಕ’ ಎಂಬಲ್ಲಿ ಎರಡೂ ಸಿದ್ಧಿಸುತ್ತವೆ. ನಿಘಂಟುಕಾರರೂ ಉಪಾಧ್ಯಾಯರೂ ಈ ವಿವೇಕವನ್ನು ಪ್ರಯೋಗದಲ್ಲಿ ತಂದರೆ, ಶಾಸನವು ತೆರೆದ ದಾರಿಯನ್ನು ಭಾಷೆಯು ಮುಚ್ಚದಿರುವುದು.