ದಯೆಯ ಪರವಾಗಿ ಒಂದು ವಾದ: ‘ಕಂಪಲ್ಶನ್’ ಚಲನಚಿತ್ರ

1924ರ ಮೇ 21ರಂದು ಅಮೆರಿಕದ ಷಿಕಾಗೋ ನಗರದಲ್ಲಿ ಬಾಬಿ ಫ್ರಾಂಕ್ಸ್ ಎಂಬ 14 ವರ್ಷದ ಬಾಲಕ ಶಾಲೆಯಿಂದ ಮನೆಗೆ ಹೊರಟವನು ಮನೆ ಸೇರಲಿಲ್ಲ. ಮರುದಿನ ಅವನ ದೇಹ ನಗರದ ಹೊರವಲಯದ ವುಲ್ಫ್ ಸರೋವರದ ಬಳಿ, ಒಂದು ಮೋರಿಯೊಳಗೆ ಸಿಕ್ಕಿತು. ಕೊಂದವರು ನೇಥನ್ ಲಿಯೋಪೋಲ್ಡ್ ಮತ್ತು ರಿಚರ್ಡ್ ಲೋಬ್; ಒಬ್ಬನಿಗೆ 19 ವರ್ಷ, ಇನ್ನೊಬ್ಬನಿಗೆ 18. ಇಬ್ಬರೂ ಆಗರ್ಭ ಶ್ರೀಮಂತರ ಮಕ್ಕಳು. ಇಬ್ಬರೂ ಅಸಾಧಾರಣ ಬುದ್ಧಿವಂತರು. ಲೋಬ್ 17ನೆಯ ವಯಸ್ಸಿಗೇ ಮಿಷಿಗನ್ ವಿಶ್ವವಿದ್ಯಾಲಯದ ಪದವೀಧರನಾಗಿದ್ದ. ಲಿಯೋಪೋಲ್ಡ್ ಪಕ್ಷಿಶಾಸ್ತ್ರದಲ್ಲಿ ಆಗಲೇ ಹೆಸರು ಮಾಡಿದ್ದು, ಕಿರ್ಟ್‌ಲ್ಯಾಂಡ್ಸ್ ವಾರ್ಬ್ಲರ್ ಎಂಬ ಅಪರೂಪದ ಹಕ್ಕಿಯನ್ನು ಕುರಿತು ಬರೆದ ಲೇಖನ ಅದೇ ವರ್ಷ ಪ್ರಕಟವಾಗಿತ್ತು. ಸತ್ತ ಬಾಲಕ ಲೋಬ್‌ನ ದೂರದ ಸಂಬಂಧಿ, ನೆರೆಯ ಮನೆಯವನು. ಅವನ ಮೇಲೆ ಅವರಿಗೆ ದ್ವೇಷವಿರಲಿಲ್ಲ. 10,000 ಡಾಲರುಗಳ ಒತ್ತೆಹಣವನ್ನು ಕೇಳಿದ್ದರಾದರೂ ಹಣದ ಅಗತ್ಯ ಅವರಿಗಿರಲಿಲ್ಲ. ಪರಿಪೂರ್ಣವಾದ ಅಪರಾಧವೊಂದನ್ನು ಎಸಗಿ, ಸಾಮಾನ್ಯರ ನೀತಿ ತಮಗೆ ಅನ್ವಯಿಸುವುದಿಲ್ಲವೆಂದು ತಮಗೆ ತಾವೇ ಸಾಬೀತುಪಡಿಸಿಕೊಳ್ಳಬೇಕಾಗಿತ್ತು. ನೀಚೆಯನ್ನು ಓದಿ, ಅವನನ್ನು ಕೊಲೆಯ ಅನುಮತಿಪತ್ರವೆಂದು ತಿಳಿದ ಪಾಂಡಿತ್ಯ ಅದು.

ಹಸಿವಿನಿಂದ ಕದಿಯುವವನನ್ನೂ ಕೋಪದಿಂದ ಕೈಯೆತ್ತುವವನನ್ನೂ ಲೋಕ ಹೇಗೋ ಅರ್ಥಮಾಡಿಕೊಳ್ಳುತ್ತದೆ. ಕಾರಣವಿಲ್ಲದೆ, ತಿಂಗಳುಗಟ್ಟಲೆ ಕುಳಿತು ಸಂಕಲ್ಪಿಸಿ, ಯಾವ ಬಾಲಕನೆಂಬುದನ್ನು ಆ ದಿನದ ಆಕಸ್ಮಿಕಕ್ಕೆ ಬಿಟ್ಟು ಮಾಡಿದ ಹಿಂಸೆಯನ್ನು ಏನೆಂದು ಕರೆಯಬೇಕು? ಇಂಥವರಿಗೂ ದಯೆ ಸಲ್ಲುತ್ತದೆಯೇ? ರಿಚರ್ಡ್ ಫ್ಲೈಷರ್ ನಿರ್ದೇಶಿಸಿ 1959ರಲ್ಲಿ ತೆರೆಗೆ ಬಂದ ‘ಕಂಪಲ್ಶನ್’ ಎತ್ತಿಕೊಳ್ಳುವ ಪ್ರಶ್ನೆ ಇದು. ಚಿತ್ರಕ್ಕೆ ಆಧಾರ ಮೇಯರ್ ಲೆವಿನ್ 1956ರಲ್ಲಿ ಪ್ರಕಟಿಸಿದ ಅದೇ ಹೆಸರಿನ ಕಾದಂಬರಿ. ಲೆವಿನ್ ಆ ಯುವಕರ ಸಹಪಾಠಿ. ಪ್ರಕರಣದ ಕಾಲದಲ್ಲಿ ಷಿಕಾಗೋದ ಪತ್ರಿಕೆಯೊಂದಕ್ಕೆ ದುಡಿಯುತ್ತಿದ್ದವನು. ಕಾದಂಬರಿಯಲ್ಲೂ ಚಿತ್ರದಲ್ಲೂ ಹೆಸರುಗಳು ಬದಲಾಗಿವೆ: ಲಿಯೋಪೋಲ್ಡ್ ಜಡ್ ಸ್ಟೈನರ್ ಆಗಿದ್ದಾನೆ, ಲೋಬ್ ಆರ್ಟಿ ಸ್ಟ್ರಾಸ್ ಆಗಿದ್ದಾನೆ, ಅವರ ಪರವಾಗಿ ವಾದಿಸಿದ ಪ್ರಖ್ಯಾತ ವಕೀಲ ಕ್ಲೇರೆನ್ಸ್ ಡ್ಯಾರೋ ಜೊನಾಥನ್ ವಿಲ್ಕ್ ಎಂಬ ಹೆಸರನ್ನು ಧರಿಸಿದ್ದಾನೆ.

ಇದೇ ಪ್ರಕರಣದ ನೆರಳು 1948ರ ಹಿಚ್‌ಕಾಕ್ ಚಿತ್ರ ‘ರೋಪ್’ನ ಮೇಲೂ ಇದೆ. ಅಲ್ಲಿ ಕುತೂಹಲವೇ ಮುಖ್ಯ. ಫ್ಲೈಷರ್‌ನಿಗೆ ಕುತೂಹಲದ ಹಂಗಿಲ್ಲ. ಅವನು ಕೊಲೆಯನ್ನು ತೋರಿಸುವುದೇ ಇಲ್ಲ. ಚಿತ್ರ ಆರಂಭವಾಗುವುದು ಒಂದು ಕಳ್ಳತನ ಮತ್ತು ರಾತ್ರಿಯ ಕಾರಿನ ಸವಾರಿಯಿಂದ. ರಸ್ತೆಯಲ್ಲಿ ಎದುರಾದ ಕುಡುಕನೊಬ್ಬನ ಮೇಲೆ ಕಾರು ಹಾಯಿಸುವಂತೆ ಆರ್ಟಿ ಜಡ್‌ಗೆ ಆಜ್ಞಾಪಿಸುತ್ತಾನೆ. ಆಜ್ಞೆ ಮತ್ತು ವಿಧೇಯತೆಗಳ ಈ ಸಂಬಂಧ ತಿಳಿದರೆ ಮುಂದಿನದೆಲ್ಲ ತಿಳಿದಂತೆ. ಬ್ರ್ಯಾಡ್‌ಫರ್ಡ್ ಡಿಲ್‌ಮನ್‌ನ ಆರ್ಟಿ ನಗುವ ಮುಖದ ಕ್ರೌರ್ಯ; ಡೀನ್ ಸ್ಟಾಕ್‌ವೆಲ್‌ನ ಜಡ್ ಬಿಗಿದ ತುಟಿಗಳ, ಒಳಗೊಳಗೇ ಒಡೆಯುತ್ತಿರುವ ಜೀವ. ಆ ಸ್ನೇಹದ ನಿಜಸ್ವರೂಪವನ್ನು ಅಂದಿನ ಹಾಲಿವುಡ್ಡಿನ ನಿರ್ಮಾಣ ಸಂಹಿತೆ ಬಾಯಿಬಿಟ್ಟು ಹೇಳಗೊಡಿಸುತ್ತಿರಲಿಲ್ಲ. ನಟರ ಕಣ್ಣುಗಳು ಹೇಳುವಷ್ಟನ್ನು ಹೇಳಿವೆ.

ಪತ್ತೆಯಾದ ಬಗೆ ವಾಸ್ತವದಲ್ಲಿಯೂ ಚಿತ್ರದಲ್ಲಿಯೂ ಒಂದೇ. ಶವದ ಬಳಿ ಒಂದು ಕನ್ನಡಕ ಬಿದ್ದಿತ್ತು. ಅದರ ಕೀಲು ವಿಶಿಷ್ಟವಾದುದು. ಅಂಥ ಕೀಲಿನ ಕನ್ನಡಕವನ್ನು ಷಿಕಾಗೋದಲ್ಲಿ ಕೊಂಡವರು ಮೂವರೇ, ಅವರಲ್ಲಿ ಲಿಯೋಪೋಲ್ಡ್ ಒಬ್ಬ. ಹಕ್ಕಿ ನೋಡಲು ಹೋದಾಗ ಬಿದ್ದಿರಬೇಕೆಂದ. ಆ ದಿನ ತನ್ನ ಕಾರಿನಲ್ಲಿ ಗೆಳೆಯನೊಡನೆ ಸುತ್ತುತ್ತಿದ್ದೆನೆಂದ. ಮನೆಯ ಕಾರುಚಾಲಕ ಯಜಮಾನನ ಮಗನಿಗೆ ನೆರವಾಗಲೆಂದೇ ಮುಂದೆ ಬಂದು, ಆ ದಿನ ಕಾರು ಮನೆಯಲ್ಲೇ ರಿಪೇರಿಯಲ್ಲಿತ್ತೆಂದು ಹೇಳಿದ. ಪ್ರತಿಭೆಯ ಕೋಟೆ ಒಬ್ಬ ಸೇವಕನ ಸರಳ ಸತ್ಯಕ್ಕೆ ಕುಸಿಯಿತು. ಈ ಸನ್ನಿವೇಶವನ್ನು ಫ್ಲೈಷರ್ ಸ್ವಲ್ಪವೂ ಎಳೆಯದೆ, ಉದ್ಗಾರವಿಲ್ಲದೆ ಮುಗಿಸುತ್ತಾನೆ. ಚಿತ್ರದ ಅತ್ಯುತ್ತಮ ಭಾಗಗಳಲ್ಲಿ ಇದೂ ಒಂದು.

ಆರ್ಸನ್ ವೆಲ್ಸ್ ತೆರೆಯ ಮೇಲೆ ಬರುವುದು ಚಿತ್ರದ ಬಹುಭಾಗ ಕಳೆದ ಮೇಲೆ. ಸ್ಥೂಲಕಾಯ, ಬಾಗಿದ ಬೆನ್ನು, ಬಳಲಿದ ದನಿ. ವಿಜಯದ ವಿಶ್ವಾಸ ಈ ವಕೀಲನಲ್ಲಿಲ್ಲ. ಅವನಿಗೆ ಎದುರಾದ ಸರ್ಕಾರಿ ಅಭಿಯೋಜಕನಾಗಿ ಇ. ಜಿ. ಮಾರ್ಷಲ್ ನಟಿಸಿದ್ದು, ಆ ಪಾತ್ರವನ್ನು ಖಳನನ್ನಾಗಿ ಮಾಡದಿರುವುದು ಚಿತ್ರದ ಪ್ರಾಮಾಣಿಕತೆಗೆ ಸಾಕ್ಷಿ. ಗಲ್ಲು ಕೇಳುವವನೂ ನ್ಯಾಯವನ್ನೇ ಕೇಳುತ್ತಿದ್ದಾನೆ, ಮತ್ತು ಆ ದಿನಗಳ ಷಿಕಾಗೋದ ಬಹುಪಾಲು ಜನ ಅವನ ಜೊತೆಗಿದ್ದರು. ಡ್ಯಾರೋ ಹತ್ತು ಲಕ್ಷ ಡಾಲರಿಗೆ ತನ್ನನ್ನು ಮಾರಿಕೊಂಡನೆಂಬ ವದಂತಿ ಊರೆಲ್ಲ ಹರಡಿತ್ತು. ಬಡವನ ಮಗನಾಗಿದ್ದರೆ ಇಂಥ ವಕೀಲ ದೊರೆಯುತ್ತಿದ್ದನೇ ಎಂಬ ಪ್ರಶ್ನೆ ಆಗಲೂ ಸಹಜವಾಗಿತ್ತು, ಈಗಲೂ ಸಹಜ. ಚಿತ್ರ ಅದನ್ನು ಎತ್ತುತ್ತದೆ. ಆದರೆ ತೃಪ್ತಿಕರ ಉತ್ತರ ಕೊಡುವುದಿಲ್ಲ.

1924ರ ಜುಲೈ 21ರಂದು ಡ್ಯಾರೋ ಎಲ್ಲರನ್ನೂ ಬೆರಗುಗೊಳಿಸಿದ. ನಿರಪರಾಧಿಗಳೆಂಬ ಮೊದಲಿನ ನಿಲುವನ್ನು ಬಿಟ್ಟು, ತನ್ನ ಕಕ್ಷಿದಾರರು ಅಪರಾಧವನ್ನು ಒಪ್ಪಿಕೊಳ್ಳುತ್ತಾರೆಂದ. ಅಲ್ಲಿನ ಕಾನೂನಿನಂತೆ ಅಪರಾಧ ಒಪ್ಪಿದರೆ ಪಂಚಾಯತರ ಮಂಡಲಿ ಇರುವುದಿಲ್ಲ. ಶಿಕ್ಷೆಯನ್ನು ನ್ಯಾಯಾಧೀಶನೊಬ್ಬನೇ ನಿರ್ಧರಿಸಬೇಕು. ಇದನ್ನು ಕೇವಲ ಚಾತುರ್ಯವೆಂದು ತಳ್ಳಿಹಾಕಿದವರುಂಟು. ಅದರೊಳಗಿನ ನೈತಿಕ ಸೂಕ್ಷ್ಮತೆ ದೊಡ್ಡದು. ಹನ್ನೆರಡು ಮಂದಿ ಒಟ್ಟಿಗೆ ಕುಳಿತು ಗಲ್ಲು ವಿಧಿಸಿದರೆ ಪ್ರತಿಯೊಬ್ಬನೂ ತನ್ನ ಪಾಲು ಹನ್ನೆರಡನೆಯ ಒಂದಂಶವೆಂದು ಸಮಾಧಾನಪಟ್ಟುಕೊಳ್ಳಬಹುದು. ನ್ಯಾಯಾಧೀಶನಿಗೆ ಆ ಮರೆ ಇಲ್ಲ. ತಾನು ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು, ಈ ಮೂರರಲ್ಲೂ ಹಿಂಸೆಯ ಹೊಣೆಯನ್ನು ಕಾಣುವ ವಿವೇಕಕ್ಕೆ ಡ್ಯಾರೋನ ಈ ನಡೆ ಅಪರಿಚಿತವಲ್ಲ. ಹಗ್ಗ ಎಳೆಯುವ ಕೈ ಯಾರದೇ ಇರಲಿ, ಎಳೆಯೆಂದ ಬಾಯಿ ಯಾರದೆಂಬುದನ್ನು ಅವನು ಮರೆಯಗೊಡಲಿಲ್ಲ.

ಡ್ಯಾರೋನ ನಿಜವಾದ ಭಾಷಣ ಸುಮಾರು ಹನ್ನೆರಡು ಗಂಟೆಗಳದು, ದಿನಗಳ ಮೇಲೆ ಹರಡಿದ್ದು. ಚಿತ್ರದಲ್ಲಿ ಅದು ಹತ್ತು ನಿಮಿಷಗಳ ಆಸುಪಾಸಿಗೆ ಇಳಿದಿದೆ. ಅಷ್ಟು ಹೊತ್ತು ಒಬ್ಬನೇ ಮಾತಾಡುವುದನ್ನು ಚಲನಚಿತ್ರವೊಂದು ಸಹಿಸುವುದೇ ಅಪರೂಪ. ವೆಲ್ಸ್ ದನಿ ಏರಿಸುವುದಿಲ್ಲ; ಮೇಜು ಗುದ್ದುವುದಿಲ್ಲ. ವಯಸ್ಸಾದವನೊಬ್ಬ ತನ್ನಷ್ಟಕ್ಕೆ ತಾನೇ ಯೋಚಿಸುತ್ತಿರುವಂತೆ ಮಾತು ಹೊರಳುತ್ತದೆ. ಕೊಲೆಗೆ ಕೊಲೆಯೇ ಮದ್ದಾದರೆ ಪ್ರಭುತ್ವಕ್ಕೂ ಆ ಇಬ್ಬರು ಹುಡುಗರಿಗೂ ಇರುವ ಅಂತರವೇನೆಂಬುದು ವಾದದ ಹುರಿ. ವರ್ಷದ ಕಾನ್ಸ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿಯನ್ನು ವೆಲ್ಸ್, ಸ್ಟಾಕ್‌ವೆಲ್, ಡಿಲ್‌ಮನ್ ಮೂವರಿಗೂ ಹಂಚಿದ್ದು ಉಚಿತವೇ ಆಯಿತು.

ಆದರೂ ಆ ವಾದದಲ್ಲಿ ಒಂದು ಬಿರುಕಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಮನುಷ್ಯನನ್ನು ರೂಪಿಸುವುದು ಅವನ ಹುಟ್ಟು, ಸಾಕಿದ ಪರಿಸರ, ಓದಿದ ಪುಸ್ತಕ, ಕಂಡ ಯುದ್ಧ. ತನ್ನನ್ನು ತಾನು ಯಾರೂ ಆರಿಸಿಕೊಂಡಿಲ್ಲವೆಂದು ಡ್ಯಾರೋ ನಂಬಿದ್ದ. ಹಾಗಾದರೆ ಅಪರಾಧಕ್ಕೆ ಹೊಣೆಗಾರರೇ ಇಲ್ಲವಾಗುತ್ತಾರೆ. ಅಪರಾಧ ಅವನದಲ್ಲವಾದರೆ ನಾಳೆ ಹುಟ್ಟಬಹುದಾದ ಪಶ್ಚಾತ್ತಾಪವೂ ಅವನದಲ್ಲ. ಯಂತ್ರದ ಮೇಲೆ ಕೋಪಿಸಿಕೊಳ್ಳುವುದು ಎಷ್ಟು ಅಸಂಗತವೋ ಅದಕ್ಕೆ ದಯೆ ತೋರುವುದೂ ಅಷ್ಟೇ ಅಸಂಗತ. ಗಲ್ಲಿನಿಂದ ಹುಡುಗರನ್ನು ಉಳಿಸಲು ಹೊರಟ ವಾದ, ಅವರನ್ನು ಉಳಿಸುವುದು ಏಕೆ ಸಾರ್ಥಕವೆಂಬ ಕಾರಣವನ್ನೇ ಕಳೆದುಕೊಳ್ಳುವ ಅಪಾಯದಲ್ಲಿದೆ.

ಚಿತ್ರ ಈ ಅಪಾಯದಿಂದ ಪಾರಾಗಿರುವುದು ರೂತ್ ಎಂಬ ಹುಡುಗಿಯ ಮೂಲಕ. ಡಯೇನ್ ವಾರ್ಸಿ ಅಭಿನಯಿಸಿದ ಈ ಪಾತ್ರ ವಕೀಲನ ಮುಂದೆ ಚಿಕ್ಕದಾಗಿ ಕಾಣುತ್ತದೆ. ವಿಮರ್ಶಕರು ಬಹುಮಟ್ಟಿಗೆ ಅದನ್ನು ದಾಟಿಹೋಗಿದ್ದಾರೆ. ಹಕ್ಕಿಗಳನ್ನು ತೋರಿಸುವ ನೆಪದಲ್ಲಿ ಜಡ್ ಅವಳನ್ನು ಏಕಾಂತಕ್ಕೆ ಕರೆದೊಯ್ಯುತ್ತಾನೆ. ಕೊಲೆಯಂತೆ ಬಲಾತ್ಕಾರವೂ ಅವನಿಗೆ ಪಡೆಯಬೇಕಾದ ಒಂದು ಅನುಭವ. ಅವಳ ಕಣ್ಣಲ್ಲಿ ಭಯದ ಬದಲು ಕನಿಕರ ಕಂಡಾಗ ಅವನ ಕೈ ಸಡಿಲುತ್ತದೆ. ಮುಂದೆ ಅವಳು ನ್ಯಾಯಾಲಯದಲ್ಲಿ ಅವನ ಪರವಾಗಿ ಸಾಕ್ಷ್ಯ ನುಡಿಯುತ್ತಾಳೆ. ಅವಳ ಗೆಳೆಯ ಸಿಡ್, ಕನ್ನಡಕದ ರಹಸ್ಯವನ್ನು ಮೊದಲು ಗ್ರಹಿಸಿದ ಪತ್ರಕರ್ತ, ಇದನ್ನು ಸಹಿಸಲಾರ. ಅವನಿಗೆ ಗಲ್ಲೇ ಬೇಕು. ಸಜ್ಜನನಾದ ಸಿಡ್‌ನ ಮುಖ ಕ್ರಮೇಣ ಗಡುಸಾಗುತ್ತ ಬರುವುದನ್ನು ನೋಡುವುದು ಸುಖಕರವಲ್ಲ. ನ್ಯಾಯದ ಹೆಸರಿನಲ್ಲಿ ದ್ವೇಷ ಒಳ್ಳೆಯವರ ಎದೆಗೂ ಇಳಿಯುವ ಪರಿ ಅದು. ರೂತ್‌ಳ ಕನಿಕರಕ್ಕೆ ಸಿದ್ಧಾಂತವಿಲ್ಲ. ಜಡ್ ಹೊಣೆಗಾರನಲ್ಲವೆಂದು ಅವಳು ಹೇಳುವುದಿಲ್ಲ. ಹೊಣೆಗಾರನನ್ನೂ ಮನುಷ್ಯನೆಂದು ಕಾಣಲು ಸಾಧ್ಯವೆಂದು ತೋರಿಸುತ್ತಾಳೆ, ಅಷ್ಟೆ. ಈ ಪ್ರಸಂಗ ಕಾದಂಬರಿಕಾರನ ಕಲ್ಪನೆ. ಆದರೂ ಡ್ಯಾರೋನ ತರ್ಕ ತಲುಪದ ಜಾಗವನ್ನು ಅದು ತಲುಪಿದೆ.

1924ರ ಸೆಪ್ಟೆಂಬರ್ 10ರಂದು ನ್ಯಾಯಾಧೀಶ ಜಾನ್ ಕೇವರ್ಲಿ ಕೊಲೆಗಾಗಿ ಜೀವಾವಧಿ, ಅಪಹರಣಕ್ಕಾಗಿ 99 ವರ್ಷಗಳ ಸೆರೆವಾಸವನ್ನು ವಿಧಿಸಿದ. ಅವನನ್ನು ಒಲಿಸಿದ್ದು ಮನೋವೈದ್ಯರ ಸಾಕ್ಷ್ಯವಲ್ಲ. ಆರೋಪಿಗಳ ಎಳೆಯ ವಯಸ್ಸು. ಇವರನ್ನು ಎಂದಿಗೂ ಪೆರೋಲಿನ ಮೇಲೆ ಬಿಡಬಾರದೆಂದೂ ಅವನು ಸೂಚಿಸಿದ. ತೀರ್ಪಿನ ನಂತರ ಚಿತ್ರದ ಇಬ್ಬರು ಯುವಕರು ವಕೀಲನಿಗೆ ಕೃತಜ್ಞತೆ ಹೇಳುವುದಿಲ್ಲ. ಆರ್ಟಿ ಎಂದಿನಂತೆ ಅಣಕಿಸುತ್ತಾನೆ. ಆ ಕನ್ನಡಕವನ್ನು ಅಲ್ಲಿ ಬೀಳಿಸಿದ್ದು ಯಾರ ಕೈಯೆಂದು ನಿರೀಶ್ವರವಾದಿ ವಿಲ್ಕ್ ಕೇಳಿ ಹೋಗುತ್ತಾನೆ. ಈ ಕೊನೆಯ ಪ್ರಶ್ನೆ ಚಿತ್ರಕ್ಕೆ ಹೊರಗಿನಿಂದ ಅಂಟಿಸಿದಂತಿದೆ, 1959ರ ಅಮೆರಿಕದ ಪ್ರೇಕ್ಷಕರ ಸಮಾಧಾನಕ್ಕಾಗಿ ಇಟ್ಟ ನೈವೇದ್ಯದಂತಿದೆ. ಕೃತಜ್ಞತೆಯಿಲ್ಲದ ಆ ಮೌನವೇ ಸಾಕಾಗಿತ್ತು. ಪಡೆದವನು ಯೋಗ್ಯನಾದ ಮೇಲೆ ಸಲ್ಲುವುದಕ್ಕೆ ದಯೆಯೆಂಬ ಹೆಸರು ಬೇಕಿಲ್ಲ, ಅದು ಸಂಬಳ.

ಇದಕ್ಕಿಂತ ದೊಡ್ಡ ಕೊರತೆಯೊಂದಿದೆ. ಸತ್ತ ಬಾಲಕ ಚಿತ್ರದಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಕೊಲೆಯನ್ನು ತೋರಿಸದಿದ್ದುದು ಸಂಯಮ. ಬಾಲಕನನ್ನೇ ತೋರಿಸದಿದ್ದುದು ಬೇರೆ ಸಂಗತಿ. ಅವನ ಹೆತ್ತವರ ದುಃಖಕ್ಕೆ ದೊರೆತ ಸ್ಥಳ ಅತ್ಯಲ್ಪ. ಕೊಂದವರ ಬಾಲ್ಯ, ಏಕಾಂತ, ಓದು, ಕನಸುಗಳೆಲ್ಲ ವಿವರವಾಗಿ ತೆರೆದುಕೊಳ್ಳುತ್ತವೆ. ಕೊಲ್ಲಲ್ಪಟ್ಟವನು ಒಂದು ಸುದ್ದಿಯಾಗಿ, ಸಾಕ್ಷ್ಯವಾಗಿ ಉಳಿಯುತ್ತಾನೆ. ಆ ಇಬ್ಬರು ಅವನನ್ನು ಆರಿಸಿಕೊಂಡದ್ದೂ ಹಾಗೆಯೇ ಅಲ್ಲವೇ, ತಮ್ಮ ಪ್ರಯೋಗಕ್ಕೆ ಒದಗಿದ ವಸ್ತುವೆಂದು? ಅವನ ಮನೆಯ ಊಟದ ಮೇಜಿನ ಬಳಿ ಒಂದು ಖಾಲಿ ಕುರ್ಚಿಯನ್ನು ಅರೆನಿಮಿಷ ತೋರಿಸಿದ್ದರೂ ವಿಲ್ಕ್‌ನ ಭಾಷಣಕ್ಕೆ ಇನ್ನಷ್ಟು ತೂಕ ಬರುತ್ತಿತ್ತು, ಏಕೆಂದರೆ ಆ ಕುರ್ಚಿಯನ್ನು ಕಂಡ ಮೇಲೂ ಗಲ್ಲು ಬೇಡವೆನ್ನುವುದು ಕಷ್ಟ. ಆ ಕಷ್ಟದಿಂದ ಚಿತ್ರ ತನ್ನ ಪ್ರೇಕ್ಷಕನನ್ನು ಪಾರುಮಾಡಿಬಿಟ್ಟಿದೆ.

ಲೋಬ್ 1936ರಲ್ಲಿ ಸೆರೆಮನೆಯೊಳಗೇ ಸಹಕೈದಿಯಿಂದ ಹತನಾದ. ಲಿಯೋಪೋಲ್ಡ್ ಬದುಕಿದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ಟೇಟ್‌ವಿಲ್ ಸೆರೆಮನೆಯಲ್ಲಿ ನಡೆದ ಮಲೇರಿಯಾ ಔಷಧಗಳ ಪ್ರಯೋಗಕ್ಕೆ ತನ್ನ ದೇಹವನ್ನು ಒಡ್ಡಿದ. ನ್ಯಾಯಾಧೀಶನ ಸೂಚನೆಯನ್ನು ಮೀರಿ 1958ರ ಮಾರ್ಚ್‌ನಲ್ಲಿ ಅವನಿಗೆ ಪೆರೋಲ್ ದೊರೆಯಿತು. ಕವಿ ಕಾರ್ಲ್ ಸ್ಯಾಂಡ್‌ಬರ್ಗ್ ಅವನ ಪರವಾಗಿ ಮಾತಾಡಿದ್ದ. ಪೋರ್ಟೋ ರಿಕೋ ದ್ವೀಪದ ಒಂದು ಸಣ್ಣ ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ಸೇರಿದ. ಬಿಡುವಿನಲ್ಲಿ ಮತ್ತೆ ಹಕ್ಕಿಗಳನ್ನು ಗುರುತಿಸಿ ಪಟ್ಟಿಮಾಡಿದ. ಈ ನಡುವೆ ಅವನು ಕಾದಂಬರಿಕಾರನ ಮೇಲೂ ಚಿತ್ರದವರ ಮೇಲೂ ದಾವೆ ಹೂಡಿದ. ತನ್ನ ಬದುಕನ್ನು ಕಟ್ಟುಕಥೆಯೊಡನೆ ಬೆರೆಸಿ ಮಾರಾಟ ಮಾಡಿದರೆಂಬುದು, ಚಿತ್ರದ ಜಾಹೀರಾತಿನಲ್ಲಿ ತನ್ನ ಹೆಸರನ್ನು ಬಳಸಿದರೆಂಬುದು ಅವನ ದೂರು. ಇಲಿನಾಯ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1970ರಲ್ಲಿ ಅದನ್ನು ತಳ್ಳಿಹಾಕಿತು. ಸಾರ್ವಜನಿಕವಾಗಿಬಿಟ್ಟ ಅಪರಾಧವನ್ನು ಮತ್ತೆ ಖಾಸಗಿಯಾಗಿಸಿಕೊಳ್ಳಲು ಬಾರದು. ಅಲ್ಲದೆ ಅವನೇ 1958ರಲ್ಲಿ ತನ್ನ ಆತ್ಮಕಥೆಯನ್ನು ಪ್ರಕಟಿಸಿದ್ದ. ಕಾನೂನಿನ ದೃಷ್ಟಿಯಿಂದ ಈ ತೀರ್ಪು ಸರಿಯಾದುದೇ. ಆದರೆ ಆ ಚಿತ್ರ ಯಾರ ಜೀವವುಳಿಸಬೇಕೆಂದು ಅಷ್ಟು ಹೊತ್ತು ವಾದಿಸಿತೋ, ಉಳಿದ ಆ ಜೀವ ತನ್ನನ್ನು ಬಿಟ್ಟುಬಿಡಿರೆಂದು ಅದರ ವಿರುದ್ಧವೇ ಕಟಕಟೆ ಏರಿತೆಂಬುದು ನೆನಪಿನಲ್ಲಿಡತಕ್ಕ ಸಂಗತಿ. ತೆರೆಯ ಮೇಲಿನ ಜಡ್‌ಗೆ ಎಂದೆಂದಿಗೂ 19 ವರ್ಷ. ಅದು ಬಿಡುಗಡೆಯಾದಾಗ ದ್ವೀಪದ ಆಸ್ಪತ್ರೆಯಲ್ಲಿ ಕೆಲಸಮಾಡುತ್ತಿದ್ದವನಿಗೆ 54. ಅವನು 1971ರಲ್ಲಿ ತೀರಿಕೊಂಡ. ಅವನ ಕಣ್ಣಿನ ಪಾರಪಟಲಗಳನ್ನು ದಾನವಾಗಿ ತೆಗೆದುಕೊಳ್ಳಲಾಯಿತು.