‘ಪರ್ಮಿಯೇಸ್’ ಎಂಬ ಹೆಸರಿನ ಅರ್ಥವಿಚಾರ

ಶಾಸ್ತ್ರದ ಭಾಷೆಯು ಕೇವಲ ಅಭಿಧೆಯಿಂದ ನಡೆಯತಕ್ಕುದು, ಲಕ್ಷಣೆಗೆ ಅಲ್ಲಿ ಎಡೆಯಿಲ್ಲ ಎಂಬ ಅಭಿಪ್ರಾಯವು ವಿದ್ವಾಂಸರಲ್ಲಿ ಬೇರೂರಿದೆ. ಇದು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಪರೀಕ್ಷಿಸಲು, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಜಾರ್ಜ್ ಕೋಹೆನ್ ಮತ್ತು ಜಾಕ್ ಮೊನೊ ಅವರು ಬ್ಯಾಕ್ಟೀರಿಯಗಳ ಪರ್ಮಿಯೇಸುಗಳನ್ನು ಕುರಿತು 1957ರಲ್ಲಿ ಪ್ರಕಟಿಸಿದ ಪ್ರಬಂಧವು ಒಳ್ಳೆಯ ನಿದರ್ಶನವಾಗಿದೆ.

ಬ್ಯಾಕ್ಟೀರಿಯದ ಜೀವಕಣವನ್ನು ಬಳಸಿರುವ ಪೊರೆಯಲ್ಲಿ ಮೇದಸ್ಸಿನ ಪದರವುಂಟು. ಸಕ್ಕರೆಯಂತಹ ಅಣುಗಳು ಅದನ್ನು ತಾವಾಗಿ ಸುಲಭವಾಗಿ ದಾಟಲಾರವು. ಮನುಷ್ಯನ ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯದ ಕೆಲವು ತಳಿಗಳಲ್ಲಿ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಎನ್‌ಜೈಮು ಒಳಗೆ ಇದ್ದರೂ ಆ ಸಕ್ಕರೆಯು ಅವಕ್ಕೆ ಉಪಯೋಗಕ್ಕೆ ಬಾರದು. ಸಮರ್ಥವಾದ ತಳಿಗಳಾದರೋ, ಒಡೆಯಲಾಗದ ಸಕ್ಕರೆಯ ಸದೃಶವಸ್ತುವನ್ನು ಹೊರಗಿರುವುದಕ್ಕಿಂತ ಸುಮಾರು 100 ಪಟ್ಟು ಸಾಂದ್ರವಾಗಿ ಒಳಗೆ ಕೂಡಿಹಾಕಬಲ್ಲವು. ತಕ್ಕ ಪ್ರೇರಕವಸ್ತುವಿನ ಸಾನ್ನಿಧ್ಯದಲ್ಲಿ ಹುಟ್ಟುವ ಈ ಸಾಮರ್ಥ್ಯವು, ಪ್ರೋಟೀನಿನ ನಿರ್ಮಾಣವನ್ನು ತಡೆದರೆ ಹುಟ್ಟುವುದಿಲ್ಲ. ಆದ್ದರಿಂದ ಪೊರೆಯನ್ನು ದಾಟಿಸುವ ಪ್ರೋಟೀನೊಂದು ಇರಲೇಬೇಕೆಂದು ಈ ಪಂಡಿತರು ಊಹಿಸಿದರು. ಅದಕ್ಕೆ ಇಟ್ಟ ಹೆಸರೇ ಪರ್ಮಿಯೇಸ್.

ಆಕ್ಷೇಪಕ್ಕೆ ಎಡೆಯಿರುವುದು ಈ ಹೆಸರಿನಲ್ಲಿಯೇ. ‘ಏಸ್’ ಎಂಬ ಪ್ರತ್ಯಯವು ಎನ್‌ಜೈಮಿನ ಗುರುತು. ಎನ್‌ಜೈಮಾದರೋ ವಸ್ತುವನ್ನು ಬೇರೊಂದು ವಸ್ತುವಾಗಿ ಮಾರ್ಪಡಿಸತಕ್ಕುದು. ಇಲ್ಲಿ ಹೊರಗಿನ ಲ್ಯಾಕ್ಟೋಸು ಒಳಗೆ ಬಂದಮೇಲೂ ಲ್ಯಾಕ್ಟೋಸಾಗಿಯೇ ಇರುತ್ತದೆ, ಬದಲಾದುದು ಸ್ಥಾನವೊಂದೇ. ಆಲಂಕಾರಿಕರ ಮಾತಿನಲ್ಲಿ ಇದು ಮುಖ್ಯಾರ್ಥಬಾಧೆ. ಎನ್‌ಜೈಮಿನಂತೆ ತನಗೆ ತಕ್ಕ ಅಣುವನ್ನೇ ಗುರುತಿಸುವ ಗುಣವು ಮುಖ್ಯಾರ್ಥಸಂಬಂಧ. ಇನ್ನು ಪ್ರಯೋಜನವೇನು? ಅದು ಯಾರ ಕೈಗೂ ಸಿಕ್ಕಿರದ ವಸ್ತುವನ್ನು ಹುಡುಕುವಂತೆ ಪ್ರೇರಿಸಿದುದೇ. 1965ರಲ್ಲಿ ಫಾಕ್ಸ್ ಮತ್ತು ಕೆನೆಡಿ ಎಂಬವರು ಆ ಪ್ರೋಟೀನನ್ನು ಪೊರೆಯಲ್ಲಿ ಗುರುತಿಸಿದರು. 2003ರಲ್ಲಿ ಏಬ್ರಮ್‌ಸನ್, ಕಾಬ್ಯಾಕ್, ಇವಾಟ ಮೊದಲಾದವರು ಅದರ ಸ್ಫಟಿಕರಚನೆಯನ್ನು ಪ್ರಕಟಿಸಿದರು. ಹೀಗೆ ಲಕ್ಷಣೆಯ ಮೂರು ಅಂಗಗಳೂ ಈ ಶಾಸ್ತ್ರಪದದಲ್ಲಿ ಪೂರ್ಣವಾಗಿವೆ.

ಗುಣದೊಡನೆ ದೋಷವನ್ನೂ ಹೇಳಬೇಕು. ಹೆಸರು ಕೆಲಸವನ್ನು ಸೂಚಿಸಿತೇ ಹೊರತು ಅದಕ್ಕೆ ಬೇಕಾದ ಶಕ್ತಿಯ ಮೂಲವನ್ನು ಸೂಚಿಸಲಿಲ್ಲ. ಹೊರಗಿನಿಂದ ನುಗ್ಗುವ ಪ್ರೋಟಾನಿನೊಡನೆ ಸಕ್ಕರೆಯೂ ಜೊತೆಗೂಡಿ ಬರುವುದೆಂಬ ವಿವರಣೆಯನ್ನು ಪೀಟರ್ ಮಿಚೆಲ್ 1963ರಲ್ಲಿ ಮುಂದಿಟ್ಟನು. ಅಲ್ಲದೆ, ಹೆಸರನ್ನು ಕೇಳಿದವರಿಗೆ ಪರ್ಮಿಯೇಸು ಸ್ವತಂತ್ರವೆಂದು ತೋರುತ್ತದೆ. ವಾಸ್ತವದಲ್ಲಿ ಅದು ಪರತಂತ್ರ. ಗ್ಲೂಕೋಸಿನ ಪ್ರವೇಶಕ್ಕೆ ಬೇರೊಂದು ವ್ಯವಸ್ಥೆಯುಂಟೆಂದು 1964ರಲ್ಲಿ ರೋಸ್‌ಮನ್ ಮತ್ತು ಅವನ ಸಹಕಾರಿಗಳು ತೋರಿಸಿದ ಮಾರ್ಗದಿಂದ ತಿಳಿಯಿತು. ಅಲ್ಲಿ ಸಕ್ಕರೆಯು ಒಳಹೊಗುವಾಗಲೇ ಫಾಸ್ಫೇಟನ್ನು ಪಡೆದು ಮಾರ್ಪಡುತ್ತದೆ. ಆದಕಾರಣ ಎನ್‌ಜೈಮೆಂಬ ಹೆಸರು ಅಲ್ಲಿ ಅಭಿಧೆಯಿಂದಲೇ ಸಲ್ಲುತ್ತದೆ. ಗ್ಲೂಕೋಸು ಬರುತ್ತಿರುವಾಗ ಆ ವ್ಯವಸ್ಥೆಯ ಪ್ರೋಟೀನೊಂದು ತನ್ನ ಫಾಸ್ಫೇಟನ್ನು ಕಳೆದುಕೊಂಡು ಲ್ಯಾಕ್ಟೋಸಿನ ಪರ್ಮಿಯೇಸಿಗೆ ಅಂಟಿಕೊಂಡು ಅದರ ವ್ಯಾಪಾರವನ್ನು ನಿಲ್ಲಿಸುತ್ತದೆ. ಲ್ಯಾಕ್ಟೋಸು ಒಳಗೆ ಬಾರದಿರುವುದರಿಂದ ಅದನ್ನು ಒಡೆಯುವ ಎನ್‌ಜೈಮಿನ ಹುಟ್ಟಿಗೂ ಪ್ರೇರಣೆಯಿಲ್ಲ. ಒಂದೆಡೆಯ ಪ್ರವೇಶವೇ ಮತ್ತೊಂದೆಡೆಯ ನಿಷೇಧಾಜ್ಞೆ!

ಪರ್ಮಿಯೇಸನ್ನು ‘ದ್ವಾರ’ವೆಂದೋ ‘ದ್ವಾರಪಾಲಕ’ನೆಂದೋ ಬಣ್ಣಿಸುವ ರೂಪಕವೂ ಇಲ್ಲಿ ಸೋಲುತ್ತದೆ. ದ್ವಾರವು ತೆರೆದರೆ ಒಳಗೂ ಹೊರಗೂ ಒಂದಾಗುತ್ತವೆ. ಈ ಪ್ರೋಟೀನಾದರೋ ಒಮ್ಮೆ ಹೊರಗಡೆಗೆ, ಒಮ್ಮೆ ಒಳಗಡೆಗೆ ತೆರೆಯುವುದಲ್ಲದೆ ಎರಡು ಕಡೆಗೂ ಏಕಕಾಲದಲ್ಲಿ ತೆರೆಯದು. ದ್ವಾರಪಾಲಕನಿಗೆ ಸ್ವಂತ ವಿವೇಚನೆಯುಂಟು, ಇದಕ್ಕೆ ಅಂತಹುದಿಲ್ಲ.

ಕನ್ನಡದಲ್ಲಿ ಪರಿಭಾಷೆಯನ್ನು ರಚಿಸುವವರಿಗೂ ಬೋಧಿಸುವವರಿಗೂ ಇದರಿಂದ ಒಂದು ಪಾಠವುಂಟು. ‘ವಾಹಕ’ ಎಂಬ ಪದವು ಪರ್ಮಿಯೇಸಿಗಿಂತ ಕಡಮೆ ಹೇಳುತ್ತದೆ. ಅದರಿಂದಲೇ ಕಡಮೆ ತಪ್ಪುತ್ತದೆ. ಆದರೆ ಕಡಮೆ ಹೇಳುವ ಪದವು ಕೋಹೆನ್ ಮತ್ತು ಮೊನೊ ಅವರ ಪದದಂತೆ ಅನ್ವೇಷಣೆಯನ್ನು ಪ್ರೇರಿಸುತ್ತಿತ್ತೇ ಎಂಬುದು ಸಂಶಯಾಸ್ಪದ. ಶಾಸ್ತ್ರದಲ್ಲಿ ಲಕ್ಷಣೆಯು ವರ್ಜ್ಯವಲ್ಲ. ಬಾಧೆಯನ್ನು ಮರೆತು ಲಕ್ಷ್ಯಾರ್ಥವನ್ನೇ ವಾಚ್ಯಾರ್ಥವೆಂದು ಭ್ರಮಿಸುವುದು ಮಾತ್ರ ವರ್ಜ್ಯ.