ಎತ್ತುವ ಫಲಕದ ಪೀಡನ: ತೂಕದ ಲೆಕ್ಕ ಏಕೆ ಸಾಲದು

ಹಿಡಕಲ್‌ನಲ್ಲಿ ಘಟಪ್ರಭೆಗೆ ಅಡ್ಡಲಾಗಿ ನಿಂತಿರುವ ರಾಜಾ ಲಖಮಗೌಡ ಜಲಾಶಯದ ಹತ್ತು ಕ್ರೆಸ್ಟ್ ಗೇಟುಗಳಂಥ ಉಕ್ಕಿನ ರಚನೆಗಳನ್ನು ಕುರಿತ ಚರ್ಚೆಯಲ್ಲಿ ನೀರಿನ ಒತ್ತಡಕ್ಕೆ ದೊರೆತಿರುವ ಗಮನ, ಅಂಥ ಗೇಟಿನ ಬರಿಯ ಫಲಕವನ್ನು ತಯಾರಿಕೆಯಲ್ಲಾಗಲಿ ದುರಸ್ತಿಯಲ್ಲಾಗಲಿ ಕ್ರೇನಿನಿಂದ ಎತ್ತುವಾಗ ಅದರೊಳಗೆ ಹುಟ್ಟುವ ಪೀಡನಕ್ಕೆ, ಅಂದರೆ ಲೋಹದ ಪ್ರತಿ ಚದರ ಮಿಲಿಮೀಟರು ತಾಳಬೇಕಾದ ಒಳಬಲಕ್ಕೆ, ದೊರೆತಿಲ್ಲ. ಎತ್ತುವ ಕೆಲಸದಲ್ಲಿ ಹೆಸರು ಮಾಡಿರುವುದು ತೂಕವನ್ನು ಸ್ಲಿಂಗುಗಳ, ಅಂದರೆ ಭಾರವನ್ನು ಕ್ರೇನಿನ ಕೊಕ್ಕೆಗೆ ತೂಗುಹಾಕುವ ಹಗ್ಗ ಅಥವಾ ಸರಪಳಿಗಳ, ಸಂಖ್ಯೆಯಿಂದ ಭಾಗಿಸುವ ಸೂತ್ರ. ಆ ಹೆಸರು ಅದರ ಯೋಗ್ಯತೆಯನ್ನು ಮೀರಿದ್ದು, ಏಕೆಂದರೆ ಆ ಸೂತ್ರ ಪರೀಕ್ಷಿಸುವುದು ಸ್ಲಿಂಗನ್ನೇ ಹೊರತು ಫಲಕವನ್ನಲ್ಲ.

6 ಮೀಟರು ಉದ್ದ, 2 ಮೀಟರು ಅಗಲ, 20 ಮಿಲಿಮೀಟರು ದಪ್ಪದ ಉಕ್ಕಿನ ಫಲಕದ ತೂಕ ಸುಮಾರು 1,880 ಕಿಲೊ. ಅದನ್ನು ಮಲಗಿಸಿದಂತೆಯೇ ಎರಡೂ ತುದಿಗಳಲ್ಲಿ ಹಿಡಿದು ಎತ್ತಿದರೆ, ಉದ್ದದ ದಿಕ್ಕಿನ ಬಾಗುವಿಕೆಯಿಂದಲೇ ನಡುವೆ ಚದರ ಮಿಲಿಮೀಟರಿಗೆ ಸುಮಾರು 104 ನ್ಯೂಟನ್ ಪೀಡನ ಹುಟ್ಟುತ್ತದೆ, ಫಲಕ 195 ಮಿಲಿಮೀಟರಿನಷ್ಟು ಜಗ್ಗುತ್ತದೆ. ದಪ್ಪವನ್ನು 10 ಮಿಲಿಮೀಟರಿಗೆ ಇಳಿಸಿದರೆ ತೂಕ ಅರ್ಧವಾಗುತ್ತದೆ, ಭಾಗಾಕಾರದ ಸೂತ್ರವೂ ಕೆಲಸ ಹಗುರವಾಯಿತೆಂದೇ ಹೇಳುತ್ತದೆ. ಆದರೆ ಬಾಗುವಿಕೆಯನ್ನು ತಡೆಯುವ ಶಕ್ತಿ ದಪ್ಪದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ ಪೀಡನ ಇಮ್ಮಡಿಯಾಗಿ 208ಕ್ಕೆ ಏರುತ್ತದೆ. ಸಾಮಾನ್ಯ ರಚನಾ ಉಕ್ಕು ಶಾಶ್ವತವಾಗಿ ಬಾಗಲು ತೊಡಗುವ ಮಿತಿ ಸುಮಾರು 250. ಕ್ರೇನು ಒಮ್ಮೆಲೇ ಜಗ್ಗಿ ಭಾರ ಹಠಾತ್ತನೆ ಬಿದ್ದರೆ ಪೀಡನ ಸ್ಥಿರಸ್ಥಿತಿಯ ಎರಡರಷ್ಟಾಗಬಲ್ಲದು, ಆಗ ತೆಳುಫಲಕ ಮಿತಿಯನ್ನು ದಾಟಿಬಿಡುತ್ತದೆ. ಹಿಡಿಯುವ ಬಿಂದುಗಳನ್ನು ತುದಿಯಿಂದ ಉದ್ದದ 0.207 ಭಾಗದಷ್ಟು, ಇಲ್ಲಿ 1.24 ಮೀಟರು, ಒಳಕ್ಕೆ ಸರಿಸಿದರೆ 20 ಮಿಲಿಮೀಟರು ಫಲಕದ 104 ನ್ಯೂಟನ್ 18ಕ್ಕೆ ಇಳಿಯುತ್ತದೆ. ಹೀಗೆ ಬಿಂದು ಬದಲಾದರೆ ಪೀಡನ ಆರನೆಯ ಒಂದು ಭಾಗಕ್ಕೆ ಇಳಿಯುವುದನ್ನು ತೋರಿಸಲಾರದ ಸೂತ್ರವನ್ನು ವಿಶ್ಲೇಷಣೆ ಎನ್ನಲಾಗದು.

ಸ್ಲಿಂಗಿನ ಬಗೆಗೂ ಅದು ಪೂರ್ತಿ ನಂಬತಕ್ಕದ್ದಲ್ಲ. ನಾಲ್ಕು ಸ್ಲಿಂಗುಗಳ ಉದ್ದದಲ್ಲಿ ತುಸು ವ್ಯತ್ಯಾಸವಿದ್ದರೂ ಎದುರುಬದುರಿನ ಎರಡೇ ಇಡೀ ಭಾರವನ್ನು ಹೊರಬಹುದು. ಸ್ಲಿಂಗು ಅಡ್ಡಮಟ್ಟಕ್ಕೆ 30 ಡಿಗ್ರಿಯಲ್ಲಿದ್ದರೆ ಅದರ ಸೆಳೆತ ನೇರವಾಗಿ ತೂಗಿದಾಗಿನ ಎರಡರಷ್ಟು. ಓರೆ ಸ್ಲಿಂಗು ಫಲಕವನ್ನು ಎರಡೂ ಕಡೆಯಿಂದ ಒಳಕ್ಕೆ ಅದುಮಿ, ಆಗಲೇ ಜಗ್ಗಿದ ಫಲಕವನ್ನು ಇನ್ನಷ್ಟು ಬಾಗಿಸುತ್ತದೆ. ಸ್ಪ್ರೆಡರ್ ಬೀಮ್, ಅಂದರೆ ಸ್ಲಿಂಗುಗಳನ್ನು ನೆಟ್ಟಗೆ ಇಳಿಬಿಡಲು ನಡುವೆ ಇಡುವ ಅಡ್ಡತೊಲೆ, ಬೇಕಾಗುವುದು ಇದಕ್ಕಾಗಿಯೇ.

ಕಂಪ್ಯೂಟರಿನ ಪರಿಮಿತಾಂಶ ವಿಧಾನ, ಅಂದರೆ ಫಲಕವನ್ನು ನೂರಾರು ಸಣ್ಣ ತುಣುಕುಗಳಾಗಿ ಒಡೆದು ಲೆಕ್ಕ ಹಾಕುವ ಕ್ರಮ, ಇದೆಲ್ಲವನ್ನೂ ಬಗೆಹರಿಸುತ್ತದೆ ಎನ್ನುವವರ ಮಾತು ಅರ್ಧಸತ್ಯ. ಹಿಡಿತದ ಬಿಂದು ಯಾವುದು, ಸ್ಲಿಂಗಿನ ಕೋನ ಎಷ್ಟು ಎಂಬುದನ್ನು ಹೇಳದ ಹೊರತು ಆ ವಿಧಾನವೂ ಕುರುಡು. ಭಾರವನ್ನು ಕಟ್ಟಿ ಎತ್ತಿಸುವ ಅನುಭವಿ ರಿಗ್ಗರನ ಕಣ್ಣೊಂದೇ ಸಾಕು ಎನ್ನುವವರ ವಾದ ಇನ್ನೂ ದುರ್ಬಲ, ಏಕೆಂದರೆ ಜಗ್ಗಿದ್ದು ಕಣ್ಣಿಗೆ ಬೀಳುತ್ತದೆ, ಪೀಡನ ಬೀಳುವುದಿಲ್ಲ. ಎತ್ತುವ ಲೆಕ್ಕದ ಬಗೆಗಿನ ಅಲಕ್ಷ್ಯಕ್ಕೆ ಒಂದು ಉದಾಹರಣೆ ಸಾಕು: 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಚರ್ಚೆಯೆಲ್ಲ ಸರಪಳಿಯ ವಯಸ್ಸಿನ ಸುತ್ತ ನಿಂತಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆಫಲಕಗಳನ್ನು ಕ್ರೇನಿನಿಂದ ಇಳಿಸಿದ ಕೆಲಸದ ಲೆಕ್ಕಾಚಾರಕ್ಕೆ ಅಷ್ಟೇ ಗಂಭೀರ ಓದು ಸಲ್ಲಬೇಕಿತ್ತು.

ಹಿಡಕಲ್ ಸೇರಿದಂತೆ ಎಲ್ಲ ಅಣೆಕಟ್ಟೆಗಳ ಗೇಟು ಕಾಮಗಾರಿಯ ನಕ್ಷೆಗಳಲ್ಲಿ ಎತ್ತುವ ಬಿಂದು, ಸ್ಲಿಂಗಿನ ಕೋನ ಮತ್ತು ಫಲಕದ ಗರಿಷ್ಠ ಪೀಡನ, ಈ ಮೂರನ್ನೂ ತೂಕದ ಪಕ್ಕದಲ್ಲೇ ನಮೂದಿಸುವುದನ್ನು ಜಲಸಂಪನ್ಮೂಲ ಇಲಾಖೆ ಕಡ್ಡಾಯಗೊಳಿಸಬೇಕು.